ಧಮನಿಯ ರಂಧ್ರವೂ ಶ್ರಾವಕನ ಶಂಕೆಯೂ

2019ರ ಚಾತುರ್ಮಾಸದ ದಿನಗಳಲ್ಲಿ ಜೇವರ್ಗಿಯಲ್ಲಿರುವ ನನ್ನ ಹಿರಿಯಣ್ಣನವರಿಗೆ ಎದೆನೋವು ಕಾಣಿಸಿಕೊಂಡು, ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಆಂಜಿಯೋಪ್ಲಾಸ್ಟಿ ಮಾಡಿಸಬೇಕಾಯಿತು. ಬಲಗೈ ಮಣಿಕಟ್ಟಿನ ಧಮನಿ ಸೆಟೆದುಕೊಂಡದ್ದರಿಂದ ವೈದ್ಯರು ತೊಡೆಸಂದಿನ ಧಮನಿಯ ಮೂಲಕ ನಳಿಕೆಯನ್ನು ಹೃದಯಕ್ಕೆ ಒಯ್ದರು. ಚಿಕಿತ್ಸೆ ಸಫಲವಾಯಿತು, ಮೂರನೆಯ ದಿನ ಮನೆಗೆ ಬಂದೆವು. ಬರುವಾಗ ಕೈಗಿತ್ತ ಕಾಗದಪತ್ರಗಳಲ್ಲಿ ಅಂಗೈಯಗಲದ ಒಂದು ಕಾರ್ಡೂ ಸಣ್ಣಕ್ಷರದ ಒಂದು ಮಡಿಕೆಪತ್ರವೂ ಇದ್ದವು. ತೊಡೆಯ ಧಮನಿಯಲ್ಲಿ ಉಳಿದ ರಂಧ್ರವನ್ನು ಮುಚ್ಚಲು ಬಳಸಿದ ಸಾಧನದ ವಿವರ ಅದು. ಔಷಧದ ಅಂಗಡಿ ನಡೆಸುವ ನನ್ನ ಮಗ ಅದನ್ನೋದುತ್ತ ಒಂದು ಸಾಲಿನಲ್ಲಿ ನಿಂತುಬಿಟ್ಟ. ಗೋಮಾಂಸದ ಪದಾರ್ಥಗಳು ಒಗ್ಗದವರ ವಿಷಯದಲ್ಲಿ ಎಚ್ಚರಿಕೆ ಬೇಕೆಂದು ಅಲ್ಲಿ ಅಚ್ಚಾಗಿತ್ತು.

ಅಣ್ಣನವರು ನಲವತ್ತು ವರ್ಷಗಳಿಂದ ರಾತ್ರಿಭೋಜನ ತ್ಯಜಿಸಿದವರು, ಕಂದಮೂಲಗಳನ್ನು ಮುಟ್ಟಿದವರಲ್ಲ. ಸುದ್ದಿಯನ್ನು ಅವರಿಂದ ಮುಚ್ಚಿಡಬೇಕೆಂದು ಮನೆಯ ಹೆಂಗಸರು ಹೇಳಿದರೂ ಅದು ಮುಚ್ಚಿಡುವಂಥದ್ದೆಂದು ನನಗೆ ತೋರಲಿಲ್ಲ. ಕೇಳಿ ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಅವರು ಕೇಳಿದ್ದು ಒಂದೇ ಮಾತು: “ಇದು ನನ್ನ ಮೈಯಾಗ ಎಷ್ಟು ದಿನ ಇರ್ತದ ತಮ್ಮಾ?” ಉತ್ತರ ನನ್ನಲ್ಲಿರಲಿಲ್ಲ. ಲೆಕ್ಕಪತ್ರ ಕಲಿತು ತೊಗರಿ ವ್ಯಾಪಾರ ಮಾಡಿದವನಿಗೆ ವೈದ್ಯವಿದ್ಯೆ ಎಲ್ಲಿಂದ ಬರಬೇಕು? ಆದರೆ ಪ್ರಶ್ನೆ ಬಿಡಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನಮ್ಮ ಮನೆಗಳಲ್ಲಿ ಈಗ ಹೃದಯದ ನಳಿಕೆ ಕಾಣದ ಮನೆ ಅಪರೂಪವಾದುದರಿಂದ, ಅಂದಿನಿಂದ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಶ್ರಾವಕ ಬಂಧುಗಳ ಮುಂದಿಡುತ್ತಿದ್ದೇನೆ.

ಧಮನಿಯೆಂದರೆ ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುವ ನಾಳ. ಸಿರೆಯಲ್ಲಿ ರಕ್ತ ಮೆಲ್ಲಗೆ ಹರಿದರೆ ಧಮನಿಯಲ್ಲಿ ಒತ್ತಡದಿಂದ ಚಿಮ್ಮುತ್ತದೆ. ಸಿರೆಗೆ ಸೂಜಿ ಚುಚ್ಚಿದರೆ ಹತ್ತಿಯೊತ್ತಿ ಕೈ ಮಡಿಸಿದರೆ ಸಾಕು, ಧಮನಿಗೆ ಅದು ಸಾಲದು. ಹೃದಯದ ಚಿಕಿತ್ಸೆಗೆ ಸಾಮಾನ್ಯವಾಗಿ ಬಳಸುವ ‘6 ಫ್ರೆಂಚ್’ ನಳಿಕೆಯ ಒಳವ್ಯಾಸ 2 ಮಿಲಿಮೀಟರ್, ಅದರ ಹೊರಗೋಡೆಯನ್ನೂ ಸೇರಿಸಿದರೆ ರಂಧ್ರ ಇನ್ನೂ ದೊಡ್ಡದು. ಇದರ ಮೇಲೆ, ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ರೋಗಿಗೆ ರಕ್ತ ತೆಳುವಾಗಿಸುವ ಔಷಧವನ್ನೂ ಕೊಟ್ಟಿರುತ್ತಾರೆ. ಹೃದಯಕ್ಕೆ ಉಪಕಾರ ಮಾಡಿದ ಔಷಧವೇ ತೊಡೆಯ ಗಾಯಕ್ಕೆ ಅಪಕಾರಿ. ರಂಧ್ರ ಸರಿಯಾಗಿ ಮುಚ್ಚದಿದ್ದರೆ ರಕ್ತವು ಹೊರಗೆ ಕಾಣದಂತೆ ಹೊಟ್ಟೆಯ ಹಿಂಭಾಗದಲ್ಲಿ ಸೋರಿ ಪ್ರಾಣಕ್ಕೇ ಸಂಚಕಾರವಾಗಬಹುದು.

ಈ ಸಮಸ್ಯೆ ಹೊಸದಾಗಿ ಕಂಡರೂ ಮೂಲದಲ್ಲಿ ಹಳೆಯದು. ಸುಶ್ರುತಾಚಾರ್ಯನು ಹರಿಯುವ ರಕ್ತವನ್ನು ನಿಲ್ಲಿಸಲು ಸಂಧಾನ, ಸ್ಕಂದನ, ಪಾಚನ, ದಹನಗಳೆಂಬ ನಾಲ್ಕು ಉಪಾಯಗಳನ್ನು ಹೇಳಿದನು. ಒಗರು ದ್ರವ್ಯಗಳಿಂದ ಗಾಯದ ಬಾಯನ್ನು ಕೂಡಿಸುವುದು, ತಂಪಿನಿಂದ ರಕ್ತವನ್ನು ಗಟ್ಟಿಯಾಗಿಸುವುದು, ಬೂದಿಯಿಂದ ಒಣಗಿಸುವುದು, ಕಡೆಗೆ ಸುಡುವುದು. ಇಂದಿನ ಉಪಾಯಗಳೂ ಹೆಚ್ಚುಕಡಿಮೆ ಈ ನಾಲ್ಕರೊಳಗೇ ಇವೆ. ಅದೇ ಸಂಹಿತೆಯಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಇನ್ನೊಂದು ವಿಧಾನವಿದೆ. ಕರುಳಿಗೆ ತೂತಾದಾಗ ಅದರ ಅಂಚುಗಳನ್ನು ಕೂಡಿಸಿ ಕಪ್ಪು ಕಟ್ಟಿರುವೆಗಳಿಂದ ಕಚ್ಚಿಸಿ, ಕಚ್ಚಿದ ಮೇಲೆ ಅವುಗಳ ಒಡಲನ್ನು ಕತ್ತರಿಸಿ ತಲೆಯನ್ನಷ್ಟೇ ಉಳಿಸುವುದು. ಜೀವಿಯ ಶರೀರವನ್ನೇ ಹೊಲಿಗೆಯನ್ನಾಗಿ ಮಾಡಿದ ತೀರ ಹಳೆಯ ದಾಖಲೆಗಳಲ್ಲಿ ಇದೊಂದು. ಇರುವೆ ತ್ರೀಂದ್ರಿಯ ಜೀವ. ಸುಶ್ರುತನ ಕೌಶಲವನ್ನು ಮೆಚ್ಚುತ್ತಲೇ ಶ್ರಾವಕನ ಮನಸ್ಸು ಇಲ್ಲಿ ಅಳುಕುತ್ತದೆ.

ಈ ಅಳುಕಿಗೆ ಶಾಸ್ತ್ರರೂಪ ಕೊಟ್ಟವರು ನಮ್ಮ ನೆಲದ ಸಂಬಂಧಿಗಳೇ ಎಂಬುದು ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ. ಕಾಗಿಣಾ ನದಿಯ ದಡದ ಮಳಖೇಡವು ಇಂದು ಸೇಡಂ ತಾಲ್ಲೂಕಿನ ಒಂದು ಗ್ರಾಮ. ಒಂಬತ್ತನೆಯ ಶತಮಾನದಲ್ಲಿ ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಮೋಘವರ್ಷ ನೃಪತುಂಗನ ಸಮಕಾಲೀನರಾದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದರು. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳುವುದು ಆ ಗ್ರಂಥದ ಪ್ರತಿಜ್ಞೆ. ಅದರ ಕಡೆಯಲ್ಲಿರುವ ಹಿತಾಹಿತಾಧ್ಯಾಯವು, ಮಾಂಸವು ಔಷಧವಾಗಿಯೂ ಬೇಕಿಲ್ಲವೆಂದು ನೃಪತುಂಗನ ಸಭೆಯಲ್ಲಿ ವೈದ್ಯವಿದ್ವಾಂಸರೆದುರು ಮಂಡಿಸಿದ ವಾದ. ವಿಹಾರಗಳಲ್ಲಿ ಧರ್ಮೋಪದೇಶ ಮಾಡುವುದು ಬೇರೆ, ಅರಸನ ಸಭೆಯಲ್ಲಿ ವೈದ್ಯರ ಮಾತಿಗೆ ವೈದ್ಯರ ಮಾತಿನಿಂದಲೇ ಉತ್ತರ ಕೊಡುವುದು ಬೇರೆ. ಉಗ್ರಾದಿತ್ಯರು ರೋಗಿಗೆ ಔಷಧ ಬೇಡವೆಂದವರಲ್ಲ, ಬೇರೆ ಔಷಧವಿದೆಯೆಂದು ತೋರಿಸಿದವರು. ಪೂಜ್ಯಪಾದರ ವೈದ್ಯಗ್ರಂಥವನ್ನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನದೂ ಇದೇ ಹಾದಿ. ಉಗ್ರಾದಿತ್ಯರ ಗ್ರಂಥ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ 1940ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯಿತು. ಆಳಂದ, ಅಫಜಲಪುರಗಳ ನಮ್ಮ ಹಿರಿಯರು ಮಾರುಕಟ್ಟೆಗೂ ದವಾಖಾನೆಗೂ ಸೊಲ್ಲಾಪುರದ ಹಾದಿ ಹಿಡಿಯುತ್ತಿದ್ದ ಕಾಲವದು. ಆ ಪುಸ್ತಕವನ್ನೂ ಯಾರಾದರೂ ತಂದಿದ್ದರೆ ನಮ್ಮ ಬಸದಿಗಳ ಕಪಾಟುಗಳಲ್ಲಿ ಇರಬೇಕಾಗಿತ್ತು, ನಾನು ನೋಡಿದ ಕಪಾಟುಗಳಲ್ಲಿ ಇರಲಿಲ್ಲ.

ಪಶ್ಚಿಮದ ಕಥೆಯಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ಕಂಡದ್ದು 1759ರ ಜೂನ್ 15ರ ಒಂದು ಘಟನೆ. ಇಂಗ್ಲೆಂಡಿನ ನ್ಯೂಕಾಸಲ್ ಪ್ರಾಂತದಲ್ಲಿ ರೋಗಿಯೊಬ್ಬನ ರಕ್ತ ತೆಗೆಯಲು ಹೋಗಿ ಸಿರೆಯ ಬದಲು ತೋಳಿನ ಧಮನಿಗೇ ಗಾಯವಾಗಿತ್ತು. ಅಂಥ ಧಮನಿಯನ್ನು ಎರಡೂ ಕಡೆ ಬಿಗಿದು ಕಟ್ಟಿಬಿಡುವುದು ಅಂದಿನ ರೂಢಿ. ಕಟ್ಟಿದರೆ ರಕ್ತ ನಿಲ್ಲುವುದು ನಿಜ, ಕೈಯೇ ಸತ್ತುಹೋಗುವ ಭಯವೂ ನಿಜ. ರಿಚರ್ಡ್ ಲ್ಯಾಂಬರ್ಟ್ ಎಂಬ ಶಸ್ತ್ರವೈದ್ಯನ ಸೂಚನೆಯಂತೆ ಹ್ಯಾಲೊವೆಲ್ ಎಂಬವನು ರಂಧ್ರದ ಎರಡು ಅಂಚುಗಳ ಮೂಲಕ ಒಂದು ಸಣ್ಣ ಉಕ್ಕಿನ ಸೂಜಿಯನ್ನು ಹಾಯಿಸಿ ಅದರ ಸುತ್ತ ದಾರವನ್ನು ಸುತ್ತಿದನು. ರಂಧ್ರ ಮುಚ್ಚಿತು, ಕೈ ಉಳಿಯಿತು. ಚಿಕಿತ್ಸೆಯಿಂದಲೇ ಆದ ರಂಧ್ರವನ್ನು ನಾಳ ಕೆಡದಂತೆ ಮುಚ್ಚುವ ಇಂದಿನ ಕಾರ್ಯಕ್ಕೆ ಇದೇ ಮೂಲಪುರುಷ. ಅದರಲ್ಲಿದ್ದುದು ಉಕ್ಕು ಮತ್ತು ದಾರ.

ಈ ಯಶಸ್ಸು ಬಹುಕಾಲ ಮರೆತುಹೋಯಿತು. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಲಿಯೋನ್ ನಗರದಲ್ಲಿ ಇರಿತಕ್ಕೊಳಗಾದಾಗ ಅವನ ಹೊಟ್ಟೆಯ ದೊಡ್ಡ ಸಿರೆಯನ್ನು ಹೊಲಿಯಲು ಯಾರಿಂದಲೂ ಆಗದೆ ಅವನು ಸತ್ತನು. ಅದೇ ಊರಿನ ತರುಣ ವೈದ್ಯ ಅಲೆಕ್ಸಿಸ್ ಕ್ಯಾರೆಲ್ ಇದರಿಂದ ಕಲಕಿ, ಕಸೂತಿ ಮಾಡುವ ಹೆಂಗಸೊಬ್ಬಳಿಂದ ಸೂಕ್ಷ್ಮ ಸೂಜಿಗೆಲಸ ಕಲಿತು, ನಾಳಗಳನ್ನು ಹೊಲಿಯುವ ವಿಧಾನವನ್ನು 1902ರಲ್ಲಿ ಪ್ರಕಟಿಸಿ 1912ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಅವನ ದಾರ ರೇಷ್ಮೆಯದು, ಅವನ ಪ್ರಯೋಗಗಳು ನಾಯಿಗಳ ಮೇಲೆ. ಇತರ ಶಸ್ತ್ರಚಿಕಿತ್ಸೆಗಳಲ್ಲಿ ಕುರಿ ಮತ್ತು ದನಗಳ ಕರುಳಿನ ಎಳೆಯಾದ ಕ್ಯಾಟ್‌ಗಟ್ ದಾರವೇ ಬಹುಕಾಲ ನಡೆಯಿತು. 1970ರ ದಶಕದಲ್ಲಿ ಶರೀರದಲ್ಲಿ ತಾನಾಗಿ ಕರಗುವ ಕೃತಕ ದಾರಗಳು ಬಂದಮೇಲೆ ಅದು ಹಿಂದೆ ಸರಿಯಿತು. ನಮ್ಮ ತಾಯಂದಿರ ಹೆರಿಗೆಯ ಹೊಲಿಗೆಗಳು ಯಾವ ದಾರದವೆಂದು ಆಗ ಯಾರೂ ಕೇಳಲಿಲ್ಲ.

ಇನ್ನು ತೊಡೆಸಂದಿಗೆ ಬರೋಣ. 1953ರಲ್ಲಿ ಸ್ವೀಡನ್ನಿನ ಸ್ವೆನ್ ಐವಾರ್ ಸೆಲ್ಡಿಂಗರ್ ಎಂಬ ವೈದ್ಯನು ಧಮನಿಯನ್ನು ಕೊಯ್ದು ತೆರೆಯದೆ ಸೂಜಿ ಚುಚ್ಚಿ, ಸೂಜಿಯೊಳಗೆ ತಂತಿ ಹಾಯಿಸಿ, ಸೂಜಿ ತೆಗೆದು, ತಂತಿಯ ಮೇಲೆ ನಳಿಕೆ ಜಾರಿಸುವ ಸುಲಭೋಪಾಯವನ್ನು ಪ್ರಕಟಿಸಿದನು. 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ಹೃದಯದ ಧಮನಿಗಳ ಚಿತ್ರ ತೆಗೆದದ್ದು ತೋಳಿನ ಧಮನಿಯನ್ನು ಕೊಯ್ದು. 1967ರಲ್ಲಿ ಜಡ್ಕಿನ್ಸ್ ಅದನ್ನೇ ತೊಡೆಯ ಮೂಲಕ ಸೂಜಿಯಿಂದ ಸಾಧಿಸಿದನು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಮೊದಲ ಬಲೂನ್ ಆಂಜಿಯೋಪ್ಲಾಸ್ಟಿ ಮಾಡಿದನು. ಇಷ್ಟೆಲ್ಲ ಮುನ್ನಡೆಯಲ್ಲಿಯೂ ಕಡೆಯ ಕೆಲಸ ಮಾತ್ರ ಅಂಗೈಯದು. ನಳಿಕೆ ಎಳೆದೊಡನೆ ವೈದ್ಯನೋ ಸಹಾಯಕನೋ ರಂಧ್ರದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಒತ್ತಿಹಿಡಿಯಬೇಕು. ಅನಂತರ ರೋಗಿ ನಾಲ್ಕಾರು ತಾಸು ಕಾಲು ಮಡಿಸದೆ ಅಂಗಾತ ಮಲಗಬೇಕು. ತೊಡೆಯ ಮೇಲೆ ಮರಳಿನ ಚೀಲ ಹೊತ್ತು ಮಲಗಿದ ಹಿರಿಯರನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ.

ಈ ಕಾಯುವಿಕೆಯನ್ನು ತಪ್ಪಿಸಲು 1990ರ ದಶಕದಲ್ಲಿ ಮುಚ್ಚುವ ಸಾಧನಗಳು ಬಂದವು. ಅಮೆರಿಕದ ಔಷಧ ಆಡಳಿತವು 1995ರಲ್ಲಿ ವ್ಯಾಸೊಸೀಲ್, 1996ರಲ್ಲಿ ಆಂಜಿಯೋ-ಸೀಲ್, 1997ರಲ್ಲಿ ಪರ್ಕ್ಲೋಸ್ ಎಂಬವುಗಳಿಗೆ ಅನುಮತಿಯಿತ್ತಿತು. ಮೊದಲೆರಡರಲ್ಲಿ ದನದ ಕೊಲಾಜನ್ ಇತ್ತು. ಕೊಲಾಜನ್ನೆಂದರೆ ತೊಗಲು, ಸ್ನಾಯುರಜ್ಜು, ಮೂಳೆಗಳಿಗೆ ಗಟ್ಟಿತನ ಕೊಡುವ ನಾರಿನಂಥ ದ್ರವ್ಯ. ರಕ್ತದ ಕಿರುಬಿಲ್ಲೆಗಳು ಅದನ್ನು ಮುಟ್ಟಿದೊಡನೆ ಅಂಟಿಕೊಂಡು ಹೆಪ್ಪುಕಟ್ಟುತ್ತವೆ. ಆಂಜಿಯೋ-ಸೀಲ್ ಸಾಧನದಲ್ಲಿ ಧಮನಿಯೊಳಗೆ ಕರಗುವ ಕೃತಕ ದ್ರವ್ಯದ ಒಂದು ಪುಟ್ಟ ಲಂಗರು, ಹೊರಗೆ ಕೊಲಾಜನ್ನಿನ ಬಿರಡೆ, ಇವೆರಡನ್ನೂ ಬಿಗಿಯುವ ಒಂದು ದಾರ. ಮೂರೂ 90 ದಿನಗಳೊಳಗೆ ಶರೀರದಲ್ಲಿ ಕರಗಿಹೋಗುತ್ತವೆ. ಪರ್ಕ್ಲೋಸ್ ಬೇರೆ ಜಾತಿಯದು: ಹ್ಯಾಲೊವೆಲ್ಲನ ಹಾಗೆ ಹೊಲಿಗೆಯನ್ನೇ ನಂಬಿದ್ದು, ಅದರ ಈಗಿನ ರೂಪದಲ್ಲಿ ದಾರ ಪಾಲಿಪ್ರೊಪಿಲೀನಿನದು. 2007ರಲ್ಲಿ ಬಂದ ಮಿಂಕ್ಸ್ ಎಂಬುದರಲ್ಲಿ ಕೊಲಾಜನ್ನಿನ ಬದಲು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಕೃತಕ ದ್ರವ್ಯವಿದೆ. ಲೋಹದ ಕ್ಲಿಪ್ಪುಗಳೂ ಬಂದವು. ದೊಡ್ಡ ರಂಧ್ರಗಳಿಗೆಂದು 2019ರಲ್ಲಿ ಅಮೆರಿಕದ ಅನುಮತಿ ಪಡೆದ ಮ್ಯಾಂಟಾ ಮತ್ತೆ ದನದ ಕೊಲಾಜನ್ನಿನದೇ. ಅಂದರೆ ಒಂದೇ ಕಾರ್ಯಕ್ಕೆ ಪಶುಮೂಲದ್ದೂ ಇದೆ, ಪಶುಮೂಲವಲ್ಲದ್ದೂ ಇದೆ. ಯಾವುದು ತನ್ನ ಮೈಗೆ ಹೋಗುತ್ತದೆಂಬುದನ್ನು ಮಾತ್ರ ರೋಗಿ ಕೇಳಿಯೇ ತಿಳಿಯಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಕಡ್ಡಾಯವಾಗಿ ಎರಡು ದಶಕಗಳು ಕಳೆದರೂ ಔಷಧಗಳಿಗೆ ಆ ನಿಯಮವಿಲ್ಲ. 2002ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಪ್ರಸಾಧನಗಳ ಮೇಲೂ ಪ್ರಾಣರಕ್ಷಕವಲ್ಲದ ಔಷಧಗಳ ಮೇಲೂ ಪಶುಮೂಲವನ್ನು ಸೂಚಿಸಬೇಕೆಂದು ಆದೇಶಿಸಿತ್ತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು.

ಈಗ ಧರ್ಮದ ಪ್ರಶ್ನೆ. ಈ ವಿಷಯವನ್ನು ನಾನೆತ್ತಿದಾಗಲೆಲ್ಲ ಎರಡು ಉತ್ತರಗಳು ಬಂದಿವೆ. ಔಷಧಕ್ಕೆ ಮಡಿಮೈಲಿಗೆ ಏನು, ದನ ಹೇಗೂ ಮಾಂಸಕ್ಕಾಗಿ ಸತ್ತಿದೆ, ಕೊಲಾಜನ್ ಉಳಿದ ಕಸ ಎಂಬುದು ಒಂದು. ಇಂಥ ಚಿಕಿತ್ಸೆಗಿಂತ ಸಾವು ಲೇಸು ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ.

ಉಳಿದ ಕಸ ಎಂಬ ವಾದವನ್ನು ವ್ಯಾಪಾರಿಯಾಗಿ ನೋಡುತ್ತೇನೆ. ನಮ್ಮ ಭಾಗದ ಬೇಳೆ ಗಿರಣಿ ನಡೆಸಿದ ಯಾರಿಗೂ ಗೊತ್ತಿರುವ ಲೆಕ್ಕವಿದು: ತೊಗರಿ ಒಡೆದಾಗ ಬೇಳೆಯ ಜೊತೆಗೆ ಹೊಟ್ಟು, ನುಚ್ಚುಗಳು ಬೀಳುತ್ತವೆ, ದನದ ಮೇವಿಗೆ ಮಾರಾಟವಾಗುತ್ತವೆ. ಗಿರಣಿ ಹಾಕಿದ್ದು ಹೊಟ್ಟಿಗಾಗಿ ಅಲ್ಲ. ಆದರೆ ಹೊಟ್ಟಿನ ಹಣ ಬಾರದ ವರ್ಷ ಗಿರಣಿಯವನು ತೊಗರಿಗೆ ಅಷ್ಟು ದರ ಕೊಡಲಾರ. ಕಸಾಯಿಖಾನೆಯ ಜಮಾಖರ್ಚಿನಲ್ಲಿಯೂ ತೊಗಲು, ಮೂಳೆ, ಕರುಳು ಒಂದೊಂದಕ್ಕೂ ಒಂದು ಅಂಕಣವಿರುತ್ತದೆ. ಕೊಂಡವನ ಹಣ ಒಟ್ಟು ಮೊತ್ತಕ್ಕೆ ಸೇರುತ್ತದೆ. ಕೃತ, ಕಾರಿತ, ಅನುಮೋದಿತ ಎಂದು ನಮ್ಮ ಆಚಾರ್ಯರು ಕರ್ಮದ ಹೊಣೆಯನ್ನು ಮೂರಾಗಿ ಬಿಡಿಸಿಟ್ಟದ್ದು ಇಂಥ ಲೆಕ್ಕಕ್ಕಾಗಿಯೇ. ತಾನಾಗಿ ಸತ್ತ ಪಶುವಿನ ಮಾಂಸದಲ್ಲಿಯೂ ಅದನ್ನಾಶ್ರಯಿಸಿದ ನಿಗೋದ ಜೀವಿಗಳ ಹಿಂಸೆಯಿದೆಯೆಂದು ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಹೇಳಿದ ಮೇಲೆ, ಕೊಂದ ಪಶುವಿನ ಅಂಗವನ್ನು ಕಸವೆಂದು ತೂಗಿಬಿಡಲು ನಮಗೆ ಅಧಿಕಾರವಿಲ್ಲ.

ಎರಡನೆಯ ಉತ್ತರ ಇನ್ನೂ ಅಪಾಯಕಾರಿ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಅವನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕು. ಹಿಂಸೆಯ ಲಕ್ಷಣವನ್ನು ಉಮಾಸ್ವಾಮಿಗಳು ಪ್ರಮಾದದೊಡನೆ ಕೂಡಿಸಿ ಹೇಳಿದ್ದಾರೆಂಬುದನ್ನು ಮರೆಯಬಾರದು. ಎದೆ ಬಿಗಿದು ಬೆವರುತ್ತಿರುವ ಮನುಷ್ಯನನ್ನು ಕಟ್ಟಿ ಸಂಗಾವಿಯ ಸೇತುವೆ ದಾಟಿಸಿ ಕಲಬುರಗಿಗೆ ಒಯ್ಯುವ ಹೊತ್ತಿನಲ್ಲಿ ಯಾರೂ ಶಾಸ್ತ್ರಾರ್ಥ ಮಾಡಲಾರರು, ಮಾಡಲೂಬಾರದು. ಭಯದಿಂದಲೋ ಹಠದಿಂದಲೋ ಚಿಕಿತ್ಸೆ ತಳ್ಳಿ ಸಾಯುವುದನ್ನು ಸಲ್ಲೇಖನವೆಂದು ಕರೆದರೆ ಸಲ್ಲೇಖನಕ್ಕೇ ಅವಮಾನ.

ಇಲ್ಲೊಂದು ಕಹಿ ಸತ್ಯವನ್ನೂ ಹೇಳಬೇಕು. ಕೊಲಾಜನ್ ಬಿರಡೆಯನ್ನು ಬೇಡವೆಂದ ಮಾತ್ರಕ್ಕೆ ನಾವು ನಿರ್ಮಲರಾಗುವುದಿಲ್ಲ. ನಳಿಕೆ ಹಾಕುವಾಗ ಕೊಡುವ ಹೆಪಾರಿನ್ 1916ರಲ್ಲಿ ನಾಯಿಯ ಯಕೃತ್ತಿನ ಶೋಧನೆಯಲ್ಲಿ ಕಂಡುಬಂದದ್ದು, ಇಂದು ಮುಖ್ಯವಾಗಿ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಕೃತಕವಾದ ಬೈವಾಲಿರುಡಿನ್ ಇದೆಯಾದರೂ ಅದು ದುಬಾರಿ, ಎಲ್ಲೆಡೆ ಸಿಗುವುದಿಲ್ಲ. ಕೃತಕ ದಾರವೂ ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿತವಾಗಿಯೇ ಬಂದದ್ದು. ಹೃದಯದ ಕವಾಟ ಬದಲಿಸುವವರಿಗೆ ದನ ಅಥವಾ ಹಂದಿಯ ಪೊರೆಯ ಕವಾಟಗಳಿವೆ. ಬೇಡವೆನ್ನುವವರಿಗೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡು 1990ರ ಡಿಸೆಂಬರಿನಲ್ಲಿ ಮೊದಲು ಜೋಡಿಸಲಾದ ಲೋಹ, ಪ್ಲಾಸ್ಟಿಕ್ಕುಗಳ ಚಿತ್ರಾ ಕವಾಟವಿದೆ. ಆದರೆ ಅದಕ್ಕೆ ಆಜೀವ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ಎಲ್ಲ ವಯಸ್ಸಿಗೂ ಅದು ಹೊಂದದು. ಬಿಡಲಾಗದ್ದು ಇದೆಯೆಂದು ಬಿಡಬಹುದಾದದ್ದನ್ನೂ ಹಿಡಿದುಕೊಳ್ಳಬೇಕೇ? ಅಣುವ್ರತದ ‘ಅಣು’ ಎಂಬ ಪದವು ಅಂಥ ವಿವೇಚನೆಗೇ ಎಡೆಮಾಡಿಕೊಟ್ಟಿದೆ.

ಬಿಡಬಹುದಾದದ್ದು ಇಲ್ಲಿ ಬಹಳವಿದೆ. 1989ರಲ್ಲಿ ಮಾಂಟ್ರಿಯಾಲಿನ ಲೂಸಿಯೆನ್ ಕ್ಯಾಂಪೋ ಮಣಿಕಟ್ಟಿನ ಧಮನಿಯಿಂದ ಹೃದಯದ ಚಿತ್ರ ತೆಗೆಯುವುದನ್ನು ಪ್ರಕಟಿಸಿದನು. 1992ರಲ್ಲಿ ಆಮ್‌ಸ್ಟರ್‌ಡಾಮಿನ ಕೀಮೆನಿ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿ ಆರಂಭಿಸಿದನು. ಮಣಿಕಟ್ಟಿನ ಧಮನಿ ತೊಗಲಿನಡಿಯಲ್ಲೇ, ಎಲುಬಿನ ಮೇಲೆಯೇ ಇರುವುದರಿಂದ ಒತ್ತಿದರೆ ಸಾಕು, ಬಿರಡೆಯೇ ಬೇಡ. 2011ರಲ್ಲಿ ಪ್ರಕಟವಾದ, 32 ದೇಶಗಳ 7,021 ರೋಗಿಗಳ ರೈವಲ್ ಎಂಬ ಅಧ್ಯಯನದಲ್ಲಿ ಮಣಿಕಟ್ಟಿನ ದಾರಿಯಲ್ಲಿ ನಾಳದ ತೊಂದರೆಗಳು ತೊಡೆಯ ದಾರಿಗಿಂತ ಕಡಿಮೆ ಕಂಡವು. ತೊಡೆಯೇ ಅನಿವಾರ್ಯವಾದರೂ ಕೈಯಿಂದ ಒತ್ತುವ ಹಳೆಯ ಕ್ರಮ ಕೀಳಲ್ಲ. 2014ರಲ್ಲಿ ಜರ್ಮನಿಯ 4,524 ರೋಗಿಗಳ ಅಧ್ಯಯನದಲ್ಲಿ ಸಾಧನ ಬಳಸಿದವರಲ್ಲಿ ನೂರಕ್ಕೆ 6.9, ಕೈಯಿಂದ ಒತ್ತಿದವರಲ್ಲಿ 7.9 ಮಂದಿಗೆ ನಾಳದ ತೊಂದರೆಗಳಾದವು. ರಕ್ತ ಬೇಗ ನಿಂತದ್ದು ಸಾಧನದ ಲಾಭ, ಅದಕ್ಕೆ ಕೆಲವು ಸಾವಿರ ರೂಪಾಯಿ ಬೆಲೆ. ಅವರಲ್ಲಿ ಪರೀಕ್ಷೆಗಾಗಿ ನಳಿಕೆ ಹಾಕಿಸಿಕೊಂಡವರನ್ನಷ್ಟೇ ಸೇರಿಸಲಾಗಿತ್ತು, ದೊಡ್ಡ ರಂಧ್ರಗಳಿಗೆ ಈ ಲೆಕ್ಕ ಸಲ್ಲದು. ಆದುದರಿಂದ ಕಡೆಯ ತೀರ್ಮಾನ ವೈದ್ಯರದೇ. ಆದರೂ ಮೊದಲೇ ಕೇಳುವುದು ಮೂರ್ಖತನವಲ್ಲವೆಂಬುದಕ್ಕೆ ಇಷ್ಟು ಆಧಾರ ಸಾಲದೇ?

ಕೇಳುವ ಅವಕಾಶ ಈಗ ನಮ್ಮ ಜಿಲ್ಲೆಯಲ್ಲೇ ಇದೆ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾಯಿತು. ಸಂವಿಧಾನದ 371(ಜೆ) ವಿಧಿಯ ನೆನಪಿಗೆ ಆ ಸಂಖ್ಯೆಯಂತೆ. ಸೊಲ್ಲಾಪುರ, ಹೈದರಾಬಾದುಗಳ ರಸ್ತೆಯಲ್ಲೇ ಪ್ರಾಣ ಕಳೆದುಕೊಂಡವರನ್ನು ಕಂಡ ನಮಗೆ ಇದು ಸಣ್ಣ ಸಂಗತಿಯಲ್ಲ.

ಬಸದಿಗಳ ಟ್ರಸ್ಟುಗಳಿಗೆ ಒಂದು ವಿಜ್ಞಾಪನೆ. ಚತುರ್ವಿಧ ದಾನಗಳಲ್ಲಿ ಔಷಧದಾನವೊಂದು. ಹೃದಯ ಚಿಕಿತ್ಸೆಗೆ ಸಹಾಯಧನ ಕೊಡುವ ಟ್ರಸ್ಟುಗಳು ನಮ್ಮಲ್ಲಿವೆ. ಅರ್ಜಿಯ ಜೊತೆಗೆ ವೈದ್ಯರಿಗೆ ತೋರಿಸುವ ಒಂದು ಚೀಟಿಯನ್ನು ಕೊಡಬಹುದು: ಸಾಧ್ಯವಿದ್ದಲ್ಲಿ ಮಣಿಕಟ್ಟಿನ ದಾರಿ, ತೊಡೆಯಾದರೆ ಕೈಯೊತ್ತು ಅಥವಾ ಕೃತಕ ದಾರ, ಪ್ರಾಣಕ್ಕೆ ಅಪಾಯವಿದ್ದಲ್ಲಿ ವೈದ್ಯರ ಇಚ್ಛೆ. ಮೂರು ಸಾಲು ಸಾಕು. ಪಶುಮೂಲದ ಸಾಧನ ಬಳಸಿದ ಮನೆಗೆ ಧನಸಹಾಯ ನಿಲ್ಲಿಸುವ ಯೋಚನೆಯನ್ನು ಯಾರಾದರೂ ಮುಂದಿಟ್ಟರೆ ನಾನು ವಿರೋಧಿಸುತ್ತೇನೆ.

ಅಣ್ಣನವರ ಪ್ರಶ್ನೆಗೆ ಉತ್ತರ ನಾನು ಒಂದು ವಾರದ ಮೇಲೆ ಕೊಟ್ಟೆ, ತೊಂಬತ್ತು ದಿನ ಎಂದು. ಅರಿಯದೆ ಆದುದಕ್ಕೆ ದೋಷವಿಲ್ಲವೆಂದು ವಿಹಾರದಲ್ಲಿದ್ದ ಮುನಿಮಹಾರಾಜರು ಹೇಳಿದರೂ ಅವರು ತಮ್ಮ ಸಮಾಧಾನಕ್ಕಾಗಿ ಅಷ್ಟೂ ದಿನ ತುಪ್ಪ ಮತ್ತು ಉಪ್ಪಿನ ರಸತ್ಯಾಗ ಮಾಡಿದರು. ಮರುಪರೀಕ್ಷೆಯಲ್ಲಿ ಅದನ್ನು ಕೇಳಿ ವೈದ್ಯರಿಗೆ ಬಹಳ ಸಂತೋಷವಾಯಿತು, ಕಾರಣ ಅವರಿಗೆ ಬೇರೆಯೇ ಇತ್ತು. ಕಳೆದ ವರ್ಷ ಮತ್ತೆ ಹೃದಯದ ಚಿತ್ರ ತೆಗೆಸಬೇಕಾದಾಗ ಕಲಬುರಗಿಯಲ್ಲೇ, ಮೊದಲೇ ಕೇಳಿಕೊಂಡು, ಎಡ ಮಣಿಕಟ್ಟಿನಿಂದ ತೆಗೆಸಿದೆವು. ಹೊರಗೆ ತಂದಾಗ ಕೈಗೆ ಪಾರದರ್ಶಕವಾದ ಒಂದು ಪಟ್ಟಿ ಕಟ್ಟಿದ್ದರು. ಅದರ ಪುಟ್ಟ ಚೀಲದಲ್ಲಿ ಹದಿನೈದು ಮಿಲಿಲೀಟರಿನಷ್ಟು ಗಾಳಿ; ಅದೇ ಧಮನಿಯನ್ನು ಒತ್ತಿ ಹಿಡಿದಿತ್ತು. ತಾಸಿಗಿಷ್ಟರಂತೆ ಗಾಳಿ ಬಿಡುತ್ತ ಹೋದರು. ಅಣ್ಣನವರು ಕೈಯೆತ್ತಿ ತೋರಿಸಿ, “ನೋಡು ತಮ್ಮಾ, ಇದರಾಗ ಬರೇ ಗಾಳಿ ಅದ” ಎಂದರು. ಪಕ್ಕದಲ್ಲಿದ್ದ ನನ್ನ ಮಗ, “ದೊಡ್ಡಪ್ಪ, ವಾಯುಕಾಯಿಕ ಜೀವ ಇರ್ತಾವಲ್ಲರಿ” ಎಂದ. ಅಣ್ಣನವರು ನಕ್ಕುಬಿಟ್ಟರು; ಪಟ್ಟಿ ಕಟ್ಟಿದ ಕೈ ಅಲುಗಾಡಿಸಬೇಡಿರೆಂದು ನರ್ಸಮ್ಮ ಗದರಿದರು.